ನರ್ಸ್‌ಗಳ ನೋಂದಣಿ ಫ್ಲಾರೆನ್ಸ್ ನೈಟಿಂಗೇಲ್ ಕೊಡುಗೆಯೇ? ನಿಜಾಂಶ ಇಲ್ಲಿದೆ

ಮೇ 12 ಅಂತಾರಾಷ್ಟ್ರೀಯ ದಾದಿಯರ ದಿನ. ಅಂದು ದೀಪ ಹಿಡಿದ ಮಹಿಳೆಯ ಚಿತ್ರ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ನರ್ಸ್ ಆಗಲು ಪರೀಕ್ಷೆ, ನೋಂದಣಿ ಬೇಕೆಂಬ ನಿಯಮವನ್ನೂ ಅವರೇ ತಂದರು ಎಂದುಕೊಳ್ಳುವುದು ಸಹಜ. ಆದರೆ ಅವರು ಅದನ್ನು ಬಲವಾಗಿ ವಿರೋಧಿಸಿದ್ದರು!

ಶ್ರೀಮಂತ ಇಂಗ್ಲಿಷ್ ಕುಟುಂಬದ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ್ದು 1820ರಲ್ಲಿ, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರನ್ನೇ ಮಗುವಿಗೂ ಇಟ್ಟರು. ಆಗ ನರ್ಸ್ ಕೆಲಸಕ್ಕೆ ಗೌರವವಿರಲಿಲ್ಲ. ಮನೆಯವರು ಬೇಡವೆಂದರೂ 1851ರಲ್ಲಿ ಅವರು ಜರ್ಮನಿಯಲ್ಲಿ ಸುಮಾರು ಮೂರು ತಿಂಗಳು ತರಬೇತಿ ಪಡೆದರು.

1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಆರೈಕೆಗೆಂದು 38 ದಾದಿಯರೊಂದಿಗೆ ಟರ್ಕಿಯ ಸ್ಕುಟಾರಿಗೆ ಹೋದರು. ಮೊದಲ ಚಳಿಗಾಲದಲ್ಲಿ ಸಾವು ಕಡಿಮೆಯಾಗಲಿಲ್ಲ. 1855ರಲ್ಲಿ ಸರ್ಕಾರ ಕಳಿಸಿದ ನೈರ್ಮಲ್ಯ ಆಯೋಗ ಚರಂಡಿ, ಗಾಳಿ-ಬೆಳಕು ಸರಿಪಡಿಸಿದ ಮೇಲೆ ಸಾವಿನ ಪ್ರಮಾಣ ಇಳಿಯಿತು. ಊರಿಗೆ ಮರಳಿದ ಮೇಲೆ ಈ ಲೆಕ್ಕವನ್ನೆಲ್ಲ ಅವರು ಅಂಕಿಅಂಶಗಳಲ್ಲಿ ತೋರಿಸಿದರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ನರ್ಸಿಂಗ್ ಶಾಲೆ ಶುರುವಾಯಿತು.

1887ರಲ್ಲಿ ಎಥೆಲ್ ಬೆಡ್‌ಫೋರ್ಡ್ ಫೆನ್‌ವಿಕ್ ನರ್ಸ್‌ಗಳ ಸಂಘ ಕಟ್ಟಿ, ನೋಂದಣಿ ಬೇಕೆಂದು ಹೋರಾಟಕ್ಕಿಳಿದರು. ಸಮವಸ್ತ್ರ ತೊಟ್ಟವರೆಲ್ಲ ನರ್ಸ್ ಎಂದರೆ ರೋಗಿಗೆ ರಕ್ಷಣೆ ಎಲ್ಲಿ ಎಂಬುದು ಅವರ ಪ್ರಶ್ನೆ. ನೈಟಿಂಗೇಲ್ ಒಪ್ಪಲಿಲ್ಲ. ಪರೀಕ್ಷೆ ಒಂದು ದಿನದ ಜ್ಞಾನವನ್ನು ಅಳೆಯುತ್ತದೆ. ತಾಳ್ಮೆ, ನಡತೆ, ಕೈಚಳಕವನ್ನಲ್ಲ. ಒಮ್ಮೆ ಪಟ್ಟಿ ಸೇರಿದ ಹೆಸರು, ಕೆಲಸ ಕೆಟ್ಟರೂ ಹಾಗೆಯೇ ಉಳಿಯುತ್ತದೆ ಎಂಬುದು ಅವರ ಆತಂಕ.

ನೈಟಿಂಗೇಲ್ 1910ರಲ್ಲಿ ತೀರಿಕೊಂಡರು. ಬ್ರಿಟನ್‌ನಲ್ಲಿ ನೋಂದಣಿ ಕಾನೂನು ಬಂದದ್ದು 1919ರಲ್ಲಿ. ಪಟ್ಟಿಯ ಮೊದಲ ಹೆಸರು ಫೆನ್‌ವಿಕ್ ಅವರದು.

ಹಾಗಾದರೆ ಯಾರು ಸರಿ? ಇಂದು ಭಾರತದಲ್ಲೂ ನರ್ಸ್ ಆಗಿ ಕೆಲಸ ಮಾಡಲು ನೋಂದಣಿ ಬೇಕು. ಅದರ ಮೇಲೆ ಐಸಿಯು, ಕ್ಯಾನ್ಸರ್‌ನಂಥ ವಿಭಾಗಗಳಿಗೆ ಹೆಚ್ಚುವರಿ ಪ್ರಮಾಣಪತ್ರ ಕೊಡುವ ಪದ್ಧತಿ ಅಮೆರಿಕದಲ್ಲಿ ವ್ಯಾಪಕವಾಗಿದೆ. ಅಂಥ ನರ್ಸ್‌ಗಳು ಹೆಚ್ಚಿರುವ ಆಸ್ಪತ್ರೆಗಳಲ್ಲಿ ಸಾವು ಕಡಿಮೆ ಎಂದು ಅಲ್ಲಿನ ಕೆಲವು ಅಧ್ಯಯನಗಳು ಹೇಳಿವೆ. ಇನ್ನು ಕೆಲವಕ್ಕೆ ಸ್ಪಷ್ಟ ವ್ಯತ್ಯಾಸ ಕಂಡಿಲ್ಲ. ಆ ಆಸ್ಪತ್ರೆಗಳಲ್ಲಿ ಸಿಬ್ಬಂದಿ, ಸೌಲಭ್ಯವೂ ಹೆಚ್ಚಿರಬಹುದು. ಹಾಗಾಗಿ ಪ್ರಮಾಣಪತ್ರವೇ ಕಾರಣ ಎಂದು ಇನ್ನೂ ಸಾಬೀತಾಗಿಲ್ಲ.

ನೆನಪಿಡಿ: ನೋಂದಣಿ ಇಲ್ಲದವರ ಕೈಗೆ ರೋಗಿಯನ್ನು ಒಪ್ಪಿಸಬೇಡಿ. ಆದರೆ ನೋಂದಣಿ ಕನಿಷ್ಠ ಅರ್ಹತೆಯ ಗುರುತು ಮಾತ್ರ. ಒಳ್ಳೆಯ ಆರೈಕೆಯ ಗ್ಯಾರಂಟಿ ಅಲ್ಲ.