ಆಪರೇಟರನ್ನೇ ಬೈಪಾಸ್ ಮಾಡಿದ ಸ್ಟ್ರೌಜರ್

ಬೈಪಾಸ್ ಅಂದ್ರೆ ನಮಗೆಲ್ಲ ಮೊದಲು ನೆನಪಾಗೋದು ರಸ್ತೆ. ಪೇಟೆಯ ಗಲಾಟೆಗೆ ಸಿಕ್ಕಿಸದೆ ಹೊರಗಿಂದಲೇ ದಾಟಿಸಿಬಿಡುವ ರಸ್ತೆ. ನೆಟ್‌ವರ್ಕ್ ಓದುವವರಿಗೆ ಈ ಪದ ಇನ್ನೊಂದು ಕಡೆಯೂ ಸಿಗುತ್ತೆ. ಇಂಟರ್ನೆಟ್ ಲೈನ್‌ಗೂ ಆಫೀಸಿನ ಕಂಪ್ಯೂಟರ್‌ಗಳಿಗೂ ನಡುವೆ ಒಂದು ಫೈರ್‌ವಾಲ್ ಕೂತಿರುತ್ತೆ. ಬರುವ, ಹೋಗುವ ಪ್ರತಿ ಪ್ಯಾಕೆಟ್ಟೂ ಅದರ ಮೂಲಕವೇ ಹಾದು ಹೋಗಬೇಕು. ಆ ಪೆಟ್ಟಿಗೆಗೇ ಕರೆಂಟು ಹೋದ್ರೆ? ಇಡೀ ಆಫೀಸು ಕತ್ತಲು. ಹಾಗಾಗಬಾರದು ಅಂತ ಬೈಪಾಸ್ ಸ್ವಿಚ್ ಇಡುತ್ತಾರೆ. ಕರೆಂಟು ಇರುವಷ್ಟು ಹೊತ್ತು ಒಳಗಿನ ರಿಲೇ ಫೈರ್‌ವಾಲ್ ಕಡೆಗೆ ಎಳೆದುಕೊಂಡಿರುತ್ತೆ. ಕರೆಂಟು ಹೋದ ಕೂಡಲೇ ರಿಲೇ ಕ್ಲಿಕ್ ಅಂತ ಬಿಟ್ಟುಕೊಂಡು ಎರಡು ಬದಿಯ ತಂತಿಗಳನ್ನು ನೇರ ಜೋಡಿಸುತ್ತೆ. ಜೂನ್ ಬಂದರೆ ಮರ ಬಿದ್ದು ಕರೆಂಟು ಹೋಗುವ ನಮ್ಮ ಕೊಡಗಿನಲ್ಲಿ, ಆನ್‌ಲೈನ್ ಬುಕಿಂಗ್ ನಂಬಿಕೊಂಡ ರೆಸಾರ್ಟುಗಳಿಗೆ, ಬ್ಯಾಂಕುಗಳಿಗೆ ಇದು ಸಣ್ಣ ವಿಷಯ ಅಲ್ಲ.

ನಡುವೆ ಇರುವವರನ್ನು ಬದಿಗೆ ಸರಿಸಿ ಸಂಪರ್ಕ ಕೊಡುವ ಈ ಯೋಚನೆಯನ್ನು ಟೆಲಿಫೋನಿನಲ್ಲಿ ಮಾಡಿ ತೋರಿಸಿದವರು ಆಲ್ಮನ್ ಬ್ರೌನ್ ಸ್ಟ್ರೌಜರ್. ಟೆಲಿಕಾಂ ಸ್ವಿಚಿಂಗ್ ಪುಸ್ತಕ ತೆರೆದರೆ ಶುರುವಿನಲ್ಲೇ ಅವರ ಹೆಸರಿದೆ. ಪರೀಕ್ಷೆಗೆ ಅವರ ಸ್ವಿಚ್ಚಿನ ಚಿತ್ರ ಬರೆದು ಮುಂದೆ ಹೋಗುವ ನಾವು ಅವರ ಬದುಕನ್ನು ಓದೋದು ಕಡಿಮೆ.

ಸ್ಟ್ರೌಜರ್ ಹುಟ್ಟಿದ್ದು 1839ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪೆನ್‌ಫೀಲ್ಡ್ ಎಂಬ ಊರಲ್ಲಿ. ಅಮ್ಮ ಏನಾದರೂ ಕೆಲಸ ಹೇಳಿದರೆ, ಅದನ್ನು ಮಾಡೋಕೆ ಒಂದು ಯಂತ್ರ ಕಟ್ಟಬಹುದಾ ಅಂತ ಅಣ್ಣತಮ್ಮಂದಿರು ಕೂತು ಚರ್ಚೆ ಮಾಡುತ್ತಿದ್ದರಂತೆ. ಅಮೆರಿಕದ ಅಂತರ್ಯುದ್ಧದಲ್ಲಿ ಅವರು ಅಶ್ವದಳದಲ್ಲಿದ್ದರು. ಯುದ್ಧ ಮುಗಿದ ಮೇಲೆ ಮೇಷ್ಟ್ರಾದರು. ಕೊನೆಗೆ ಕಾನ್ಸಾಸ್ ಕಡೆಗೆ ಹೋಗಿ ಅಂತ್ಯಕ್ರಿಯೆಯ ಏರ್ಪಾಡು ಮಾಡಿಕೊಡುವ ವ್ಯಾಪಾರ ಹಿಡಿದರು. ಎಂಜಿನಿಯರಿಂಗ್ ಕಾಲೇಜಿನ ಡಿಗ್ರಿ ಏನೂ ಇರಲಿಲ್ಲ.

ಆ ಕಾಲದಲ್ಲಿ ಫೋನ್ ಎತ್ತಿದರೆ ಮೊದಲು ಮಾತಾಡಬೇಕಿದ್ದದ್ದು ಎಕ್ಸ್‌ಚೇಂಜಿನ ಆಪರೇಟರ್ ಜೊತೆ. ಯಾರು ಬೇಕು ಅಂತ ಹೇಳಿದರೆ ಅವರು ಬೋರ್ಡಿನಲ್ಲಿ ತಂತಿ ಸಿಕ್ಕಿಸಿ ಜೋಡಿಸುತ್ತಿದ್ದರು. ಸ್ಟ್ರೌಜರ್ ಬಗ್ಗೆ ಎಲ್ಲರೂ ಹೇಳುವ ಕಥೆ ಇದು: ಊರಲ್ಲಿ ಅದೇ ವ್ಯಾಪಾರದ ಇನ್ನೊಬ್ಬರಿದ್ದರು, ಅವರ ಮನೆಯಾಕೆಯೇ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಸಾವಾದ ಮನೆಯವರು ಸ್ಟ್ರೌಜರ್ ಬೇಕು ಅಂದರೂ ಆಕೆ ಕರೆಯನ್ನು ಗಂಡನಿಗೇ ಜೋಡಿಸುತ್ತಿದ್ದಳಂತೆ. ಇನ್ನೊಂದು ಕಥೆಯೂ ಇದೆ. ಸ್ಟ್ರೌಜರ್ ಜಗಳ ತೆಗೆದಾಗ ಫೋನ್ ಕಂಪನಿಯವರು ಬಂದು ನೋಡಿದರೆ, ಅವರದೇ ಅಂಗಡಿಯ ಲೋಹದ ಬೋರ್ಡು ಗಾಳಿಗೆ ತೂಗಾಡಿ ಲೈನಿಗೆ ತಾಗಿ ಫೋನನ್ನು ಸತ್ತಂತೆ ಮಾಡುತ್ತಿತ್ತಂತೆ. ಈ ಎರಡನೇ ಕಥೆ ನಿಜವಾದರೆ ಆಪರೇಟರ್ ಮೇಲಿನ ಅನುಮಾನವೇ ಸುಳ್ಳು. ಎರಡರಲ್ಲಿ ಯಾವುದೇ ಆಗಲಿ, ಸಿಟ್ಟು ಮಾತ್ರ ನಿಜ. ಆ ಸಿಟ್ಟಿನಲ್ಲಿ ಅವರು ದೂರು ಬರೆದು ಸುಮ್ಮನಾಗಲಿಲ್ಲ, ಯಂತ್ರ ಕಟ್ಟೋಕೆ ಕೂತರು.

ಮೊದಲ ಮಾದರಿಗೆ ಬಳಸಿದ್ದು ಅಂಗಿಯ ಕಾಲರ್ ಇಡುವ ಒಂದು ದುಂಡು ಡಬ್ಬಿ, ಗುಂಡುಸೂಜಿಗಳು, ಒಂದು ಪೆನ್ಸಿಲ್. ಒಂದೊಂದು ಸೂಜಿಯೂ ಒಂದೊಂದು ಮನೆಯ ಲೈನ್. ಪೆನ್ಸಿಲ್ ತಿರುಗಿ ಬೇಕಾದ ಸೂಜಿಯನ್ನು ಮುಟ್ಟಬೇಕು. 1889ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1891ರ ಮಾರ್ಚ್ 10ರಂದು ಪೇಟೆಂಟ್ ಸಿಕ್ಕಿತು. ಮುಂದೆ ಎಂಜಿನಿಯರುಗಳು ಸುಧಾರಿಸಿದ ರೂಪವನ್ನೇ ನಾವು ಪುಸ್ತಕದಲ್ಲಿ ನೋಡೋದು. ಬಳಕೆದಾರ ಒಂದು ಅಂಕಿ ಒತ್ತಿದರೆ ಅಷ್ಟು ಪಲ್ಸ್ ಬರುತ್ತವೆ, ಪ್ರತಿ ಪಲ್ಸಿಗೂ ವಿದ್ಯುತ್ಕಾಂತ ಒಂದು ಹಲ್ಲು ಎಳೆದು ಕಡ್ಡಿಯನ್ನು ಒಂದು ಮೆಟ್ಟಿಲು ಏರಿಸುತ್ತೆ. ಮುಂದಿನ ಅಂಕಿಗೆ ಅದೇ ಕಡ್ಡಿ ಅಡ್ಡಕ್ಕೆ ತಿರುಗುತ್ತೆ. 10 ಮೆಟ್ಟಿಲು, ಪ್ರತಿ ಮೆಟ್ಟಿಲಲ್ಲಿ 10 ಸಂಪರ್ಕ. ಒಂದು ಸ್ವಿಚ್ಚಿಗೆ 100 ಲೈನ್.

ಅದೇ ವರ್ಷ ಸೋದರನ ಮಗ ವಾಲ್ಟರ್, ಜೋಸೆಫ್ ಹ್ಯಾರಿಸ್ ಮುಂತಾದವರು ಸೇರಿ ಕಂಪನಿ ಕಟ್ಟಿದರು. 1892ರ ನವೆಂಬರ್ 3ರಂದು ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಊರಲ್ಲಿ ಮೊದಲ ಸ್ವಯಂಚಾಲಿತ ಎಕ್ಸ್‌ಚೇಂಜ್ ಶುರುವಾಯಿತು. ಆಗ ಸುಮಾರು 75 ಚಂದಾದಾರರು. ಡಯಲ್ ಇನ್ನೂ ಬಂದಿರಲಿಲ್ಲ, ಫೋನಿನಲ್ಲಿ ಗುಂಡಿಗಳಿದ್ದವು. 25 ಬೇಕಾದರೆ ಹತ್ತರ ಸ್ಥಾನದ ಗುಂಡಿ 2 ಸಲ, ಬಿಡಿ ಸ್ಥಾನದ ಗುಂಡಿ 5 ಸಲ ಒತ್ತಬೇಕು. ಎಣಿಕೆ ತಪ್ಪಿದರೆ ಬೇರೆಯವರ ಮನೆಗೆ ಹೋಗುತ್ತಿತ್ತು! ಬೆರಳು ಹಾಕಿ ತಿರುಗಿಸುವ ಡಯಲ್ಲಿಗೆ ಕಂಪನಿಯ ಎಂಜಿನಿಯರುಗಳಾದ ಕೀತ್ ಮತ್ತು ಎರಿಕ್ಸನ್ ಸಹೋದರರು 1896ರಲ್ಲಿ ಪೇಟೆಂಟ್ ಕೇಳಿದರು.

ಆದರೆ ಹಣ ಸ್ಟ್ರೌಜರ್ ಕೈಗೆ ಹೆಚ್ಚು ಬರಲಿಲ್ಲ. 1896ರಲ್ಲಿ ತಮ್ಮ ಪೇಟೆಂಟುಗಳನ್ನು ಜೊತೆಗಾರರಿಗೆ 1,800 ಡಾಲರಿಗೆ ಕೊಟ್ಟರು. 1898ರಲ್ಲಿ ಕಂಪನಿಯ ಪಾಲನ್ನೂ 10,000 ಡಾಲರಿಗೆ ಮಾರಿದರು. ಆಮೇಲೆ ಫ್ಲಾರಿಡಾಗೆ ಹೋಗಿ ನೆಲೆಸಿದ ಅವರು 1902ರ ಮೇ 26ರಂದು ತೀರಿಕೊಂಡರು. 1916ರಲ್ಲಿ ಅದೇ ಪೇಟೆಂಟುಗಳಿಗೆ ಬೆಲ್ ಕಂಪನಿ ಕೊಟ್ಟದ್ದು 25 ಲಕ್ಷ ಡಾಲರ್.

ಸ್ಟ್ರೌಜರ್ ಕಥೆ ಅಲ್ಲಿಗೆ ಮುಗಿಯಲಿಲ್ಲ, ನಮ್ಮ ಕರ್ನಾಟಕಕ್ಕೂ ಬಂತು. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐಟಿಐ, ಅಂದ್ರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಒಂದು ಬ್ರಿಟಿಷ್ ಕಂಪನಿಯ ಸಹಕಾರದಲ್ಲಿ ಮಾಡಿದ್ದು ಸ್ಟ್ರೌಜರ್ ಎಕ್ಸ್‌ಚೇಂಜುಗಳನ್ನೇ. ದೇಶದ ಎಷ್ಟೋ ಊರುಗಳಲ್ಲಿ ದಶಕಗಟ್ಟಲೆ ಟಕಟಕ ಅಂತ ಸದ್ದು ಮಾಡಿದ್ದು ದೂರವಾಣಿನಗರದಲ್ಲಿ ತಯಾರಾದ ಆ ಕಡ್ಡಿಗಳು. ಆಮೇಲೆ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಬಂತು. ಹಳ್ಳಿಗಳಿಗೆಂದೇ ಸಿ-ಡಾಟ್ ಮಾಡಿದ 128 ಪೋರ್ಟಿನ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಕೆಲಸ ಶುರು ಮಾಡಿದ್ದು ನಮ್ಮ ಕಿತ್ತೂರಿನಲ್ಲಿ. ಏಸಿ ರೂಮ್ ಬೇಡ, ಧೂಳು, ಬಿಸಿಲು ತಡೆದುಕೊಳ್ಳುತ್ತೆ ಅನ್ನೋದೇ ಅದರ ಹೆಚ್ಚುಗಾರಿಕೆ.

ಇಷ್ಟೆಲ್ಲ ಓದಿದ ಮೇಲೆ ನಮಗೆ ಒಂದು ಪ್ರಶ್ನೆ ಉಳಿಯುತ್ತೆ. ಸ್ಟ್ರೌಜರ್ ತೆಗೆದುಹಾಕಿದ ಆ ಆಪರೇಟರ್ ಬರೀ ತಂತಿ ಸಿಕ್ಕಿಸುತ್ತಿದ್ದರಾ? ಸಣ್ಣ ಊರುಗಳಲ್ಲಿ ಡಾಕ್ಟರ್ ಬೇಕು ಅಂದರೆ ಸಾಕು, ನಂಬರ್ ಗೊತ್ತಿಲ್ಲದಿದ್ದರೂ ಅವರೇ ಹುಡುಕಿ ಜೋಡಿಸುತ್ತಿದ್ದರು. ಪಕ್ಷಪಾತ ಮಾಡುವ ಶಕ್ತಿಯೂ ಅವರಿಗಿತ್ತು, ಸಹಾಯ ಮಾಡುವ ಶಕ್ತಿಯೂ ಇತ್ತು. ಯಂತ್ರ ಎರಡನ್ನೂ ಒಟ್ಟಿಗೆ ತೆಗೆದುಬಿಟ್ಟಿತು. ಆ ಕೆಲಸ ನಂಬಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ಎಕ್ಸ್‌ಚೇಂಜುಗಳು ಒಂದೊಂದಾಗಿ ಬದಲಾದ ಹಾಗೆ ಅವರ ಕುರ್ಚಿಗಳೂ ಖಾಲಿಯಾದವು.

ಇವತ್ತಿನ ಬೈಪಾಸಿಗೂ ಇದೇ ಪ್ರಶ್ನೆ ಹಾಕಬೇಕು. 2021ರ ಜೂನ್‌ನಲ್ಲಿ ಬೆಂಗಳೂರು ಪೊಲೀಸರು, ಸೇನೆಯ ಗುಪ್ತಚರ ವಿಭಾಗದವರು ಸೇರಿ 32 ಸಿಮ್ ಬಾಕ್ಸ್ ಹಿಡಿದರು. ಒಂದೇ ಹೊತ್ತಿಗೆ 960 ಸಿಮ್ ಹಾಕಬಹುದಾದ ಏರ್ಪಾಡು ಅದು. ಹೊರದೇಶದ ಕರೆ ಲೈಸೆನ್ಸ್ ಇರುವ ಗೇಟ್‌ವೇ ಮೂಲಕ ಬರಬೇಕು. ಸಿಮ್ ಬಾಕ್ಸ್ ಅದನ್ನು ಇಂಟರ್ನೆಟ್ಟಿನಲ್ಲಿ ತಂದು ಇಲ್ಲಿನ ಸಿಮ್‌ನಿಂದ ಹೊರಗೆ ಬಿಡುತ್ತೆ. ನಮ್ಮ ಫೋನಿನಲ್ಲಿ ಕಾಣೋದು ಲೋಕಲ್ ನಂಬರ್. ಗೇಟ್‌ವೇ ದಾಟಿ ಬಂದ ಕಾರಣ ಶುಲ್ಕವೂ ಇಲ್ಲ, ಯಾರು ಮಾಡಿದರು ಅನ್ನೋ ಸುಳಿವೂ ಇಲ್ಲ.

ಕಾನೂನಿನ ಪ್ರಕಾರವೇ ಇಟ್ಟ ಬೈಪಾಸ್ ಸ್ವಿಚ್ಚಿನಲ್ಲೂ ಅಪಾಯ ಇದ್ದೇ ಇದೆ. ಫೈರ್‌ವಾಲ್ ಬದಿಗೆ ಸರಿದ ಆ ಹತ್ತು ನಿಮಿಷ ಒಳಗೆ ಬರೋದನ್ನು ತಪಾಸಣೆ ಮಾಡುವವರು ಯಾರೂ ಇರಲ್ಲ. ಹಾಗಾಗಿ ಎಂಜಿನಿಯರ್ ಮೊದಲೇ ತೀರ್ಮಾನ ಮಾಡಬೇಕು: ಪೆಟ್ಟಿಗೆ ಕೆಟ್ಟಾಗ ದಾರಿ ತೆರೆದಿರಬೇಕಾ, ಮುಚ್ಚಿರಬೇಕಾ? ಬ್ಯಾಂಕಿನ ಖಾತೆಗಳಿರುವ ಕಡೆ ಮುಚ್ಚಿದರೇ ಒಳ್ಳೆಯದು, ಗ್ರಾಹಕರು ಸ್ವಲ್ಪ ಹೊತ್ತು ಬೈದುಕೊಳ್ಳಲಿ. 2018ರ ಆಗಸ್ಟ್‌ನಲ್ಲಿ ನಮ್ಮ ಜಿಲ್ಲೆಯ ಗುಡ್ಡಗಳು ಕುಸಿದಾಗ, ಜೋಡುಪಾಲದ ಹತ್ತಿರ ರಸ್ತೆಯೇ ಇಲ್ಲದಾದಾಗ, ಒಂದು ಕರೆ ಹೋಗಿ ಮುಟ್ಟೋದೇ ದೊಡ್ಡ ವಿಷಯವಾಗಿತ್ತು. ಸಹಾಯವಾಣಿಯ ಲೈನು ಅಂಥ ದಿನ ಮುಚ್ಚಿಕೊಂಡರೆ ಹೇಗೆ?

ಸ್ಟ್ರೌಜರ್ ಸ್ವಿಚ್ಚುಗಳು ಈಗ ಮ್ಯೂಸಿಯಂ ಸೇರಿವೆ. ಆದರೆ ಲ್ಯಾಬಿನಲ್ಲಿ ನಾವು ರಿಲೇ ಒಂದಕ್ಕೆ ಹನ್ನೆರಡು ವೋಲ್ಟ್ ಕೊಟ್ಟಾಗ ಕೇಳುವ ಕ್ಲಿಕ್ ಅವರ ಕಾಲದ್ದೇ. ಮುಂದೆ ನಮ್ಮಲ್ಲಿ ಯಾರಾದರೂ ನೆಟ್‌ವರ್ಕ್ ಕಟ್ಟುವಾಗ, ನಡುವೆ ಕೂತಿರೋದನ್ನು ತೆಗೆಯೋ ಮೊದಲು ಅದು ಅಲ್ಲಿ ಏನು ಕೆಲಸ ಮಾಡ್ತಿದೆ ಅಂತ ಒಂದು ಸಲ ನೋಡೋಣ. ತೊಂದರೆ ಆಪರೇಟರಿನದ್ದಾ, ಹೊರಗೆ ತೂಗಾಡುತ್ತಿರುವ ಬೋರ್ಡಿನದ್ದಾ ಅನ್ನೋದೂ ಆಗಲೇ ಗೊತ್ತಾಗಬಹುದು.