ಜೇಮ್ಸ್ ಪಾರ್ಕಿನ್ಸನ್

ನಮ್ಮ ತಾತನ ಕೈ ಸದಾ ನಡುಗುತ್ತೆ. ಟೀ ಲೋಟ ಹಿಡಿದರೆ ಚೆಲ್ಲುತ್ತೆ. ಒಂದು ಸಲ ನಾನು ನಕ್ಕುಬಿಟ್ಟಿದ್ದೆ. ಡಾಕ್ಟರು ಅದು ಪಾರ್ಕಿನ್ಸನ್ ಕಾಯಿಲೆ ಅಂದರು. ಆ ಹೆಸರು ಯಾರದು ಅಂತ ತಿಳಿದುಕೊಂಡೆ.

ಜೇಮ್ಸ್ ಪಾರ್ಕಿನ್ಸನ್ 1755ನೇ ಇಸವಿ ಏಪ್ರಿಲ್ 11ರಂದು ಲಂಡನ್ನಿನ ಹಾಕ್ಸ್‌ಟನ್ನಿನಲ್ಲಿ ಜನಿಸಿದರು. ತಂದೆಯೂ ವೈದ್ಯರು. ಜೇಮ್ಸ್ ಬಡವರಿಗೂ ಔಷಧಿ ಕೊಡುತ್ತಿದ್ದರು. ಪಳೆಯುಳಿಕೆಗಳನ್ನು ಕೂಡಿಡುವುದೂ ಅವರಿಗೆ ಇಷ್ಟ. ಕೈ ನಡುಗುವವರನ್ನು, ಬಗ್ಗಿ ನಡೆಯುವವರನ್ನು ಅವರು ಗಮನವಿಟ್ಟು ನೋಡಿದರು. ಹೀಗೆ ನೋಡಿದ್ದು 6 ಜನರನ್ನು. ಅದರಲ್ಲಿ ಕೆಲವರು ಬರೀ ರಸ್ತೆಯಲ್ಲಿ ಕಂಡವರು! 1817ರಲ್ಲಿ ಈ ಬಗ್ಗೆ ಚಿಕ್ಕ ಪುಸ್ತಕ ಬರೆದರು. 1824ನೇ ಡಿಸೆಂಬರ್ 21ರಂದು ತೀರಿಕೊಂಡರು. ಎಷ್ಟೋ ವರ್ಷಗಳ ನಂತರ ಫ್ರಾನ್ಸಿನ ವೈದ್ಯ ಶಾರ್ಕೊ ಆ ಕಾಯಿಲೆಗೆ ಅವರ ಹೆಸರಿಟ್ಟರು.

ಈ ಕಾಯಿಲೆ ಎಲ್ಲರಿಗೂ ಒಂದೇ ತರ ಇರಲ್ಲ. ಕೆಲವರಿಗೆ ನಡುಕ ಜಾಸ್ತಿ. ಕೆಲವರಿಗೆ ನಡೆಯೋದೇ ಕಷ್ಟ, ಆಯ ತಪ್ಪಿ ಬೀಳುತ್ತಾರೆ. ಇವರಿಬ್ಬರ ಮಿದುಳಿನ ಭಾಗಗಳು ಒಂದಕ್ಕೊಂದು ಸಂಪರ್ಕ ಇಟ್ಟುಕೊಳ್ಳುವ ರೀತಿಯಲ್ಲೂ ವ್ಯತ್ಯಾಸ ಇದೆ ಅಂತ ಈಗಿನ ಸ್ಕ್ಯಾನಿಂಗ್‌ನಲ್ಲಿ ಕಂಡುಬಂದಿದೆ.

ಪಾರ್ಕಿನ್ಸನ್ ನಗಲಿಲ್ಲ, ನಿಂತು ನೋಡಿದರು. ಗೆಳೆಯರೇ, ನಾವೂ ನಗುವುದು ಬೇಡ. ಈಗ ತಾತನ ಲೋಟವನ್ನು ನಾನೇ ಹಿಡಿದುಕೊಳ್ಳುತ್ತೇನೆ.