ನಾನು ಮೆಚ್ಚಿದ ನಾಯಕಿ: ಕಿತ್ತೂರು ಚೆನ್ನಮ್ಮ

ಎಂಟನೇ ಇಯತ್ತೆಯಲ್ಲಿದ್ದಾಗ ನಮ್ಮ ಗುರುಗಳು ನಮ್ಮನ್ನು ಕಿತ್ತೂರು ಕೋಟೆ ತೋರಿಸಲು ಕರೆದೊಯ್ದಿದ್ದರು. ಮರಳುವಾಗ ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿಯ ದರ್ಶನವನ್ನೂ ಮಾಡಿಸಿದರು. ಕೋಟೆಯಲ್ಲಿ ಗಂಟಲು ಹರಿಯುವಂತೆ ಜಯಕಾರ ಹಾಕಿದ ನಾವು ಸಮಾಧಿಯ ಮುಂದೆ ಸುಮ್ಮನೆ ನಿಂತೆವು. ಆ ಮೌನದ ಅರ್ಥ ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು.

ಚೆನ್ನಮ್ಮ ಹುಟ್ಟಿದ್ದು 1778ರಲ್ಲಿ, ಬೆಳಗಾವಿ ಸಮೀಪದ ಕಾಕತಿಯಲ್ಲಿ. ಕುದುರೆ ಸವಾರಿ, ಕತ್ತಿವರಸೆ ಕಲಿತ ಈ ಹೆಣ್ಣುಮಗಳು ಕಿತ್ತೂರಿನ ದೇಸಾಯಿ ಮಲ್ಲಸರ್ಜನ ಕಿರಿಯ ರಾಣಿಯಾಗಿ ಬಂದಳು. ಪೇಶ್ವೆಯ ಸೆರೆಯಲ್ಲಿ ನೊಂದ ಮಲ್ಲಸರ್ಜ 1816ರಲ್ಲಿ ತೀರಿಕೊಂಡನು. ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜನೂ 1824ರ ಸೆಪ್ಟೆಂಬರಿನಲ್ಲಿ ಸಂತಾನವಿಲ್ಲದೆ ಗತಿಸಿದನು. ದತ್ತಕ ತೆಗೆದುಕೊಂಡ ಶಿವಲಿಂಗಪ್ಪನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಖಜಾನೆಗೆ ಮುದ್ರೆ ಒತ್ತಿಸಿದನು. ದತ್ತಕ ನಿರಾಕರಿಸಿ ರಾಜ್ಯಗಳನ್ನು ನುಂಗಿದ ಡಾಲ್‌ಹೌಸಿ ಭಾರತಕ್ಕೆ ಬಂದದ್ದು 1848ರಲ್ಲಿ. ಅದಕ್ಕೂ 24 ವರ್ಷ ಮೊದಲೇ ಆ ಅನ್ಯಾಯವನ್ನು ಕಿತ್ತೂರು ಎದುರಿಸಿತು.

ಇಲ್ಲಿ ನಾನು ಮೆಚ್ಚುವ ಮೊದಲ ಗುಣ ಕಾಣುತ್ತದೆ. ಚೆನ್ನಮ್ಮ ತಟ್ಟನೆ ಕತ್ತಿ ಹಿರಿಯಲಿಲ್ಲ. ಕಮಿಷನರ್ ಚಾಪ್ಲಿನ್ನನಿಗೆ, ಮುಂಬಯಿ ಗವರ್ನರ್ ಎಲ್ಫಿನ್‌ಸ್ಟನ್ನನಿಗೆ ನ್ಯಾಯ ಕೇಳಿ ಪತ್ರ ಬರೆಸಿದಳು. ಮಾತಿನ ದಾರಿ ಮುಚ್ಚಿದ ಮೇಲೆಯೇ ಯುದ್ಧ. 1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆದು ಕಿತ್ತೂರಿನ ಸೈನ್ಯ ನುಗ್ಗಿತು. ಥ್ಯಾಕರೆ ಬಿದ್ದನು. ಸರದಾರ ಗುರುಸಿದ್ದಪ್ಪ, ಅಮಟೂರು ಬಾಳಪ್ಪ, ಸಂಗೊಳ್ಳಿ ರಾಯಣ್ಣ, ಹೀಗೆ ಬೇರೆ ಬೇರೆ ಮನೆತನಗಳ ಜನ ಅವಳ ಒಂದು ಮಾತಿಗೆ ಪ್ರಾಣ ಒತ್ತೆಯಿಟ್ಟರು.

ಎರಡನೆಯ ಗುಣ ಗೆದ್ದ ಮೇಲಿನದು. ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಅಧಿಕಾರಿಗಳು ಸೆರೆಸಿಕ್ಕಿದ್ದರು. ಅವರ ಜೀವಕ್ಕೆ ಕುಂದು ಬರಲಿಲ್ಲ. ಸಂಧಾನದ ಭರವಸೆಯ ಮೇಲೆ ಬಿಡುಗಡೆಯೂ ಆಯಿತು. ಅದೇ ವಾಲ್ಟರ್ ಎಲಿಯಟ್ ಮುಂದೆ ನಮ್ಮ ಸೀಮೆಯ ನೂರಾರು ಕನ್ನಡ ಶಾಸನಗಳ ಪ್ರತಿ ಮಾಡಿಸಿ ಸಂಗ್ರಹಿಸಿದನು.

ಆದರೆ ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕಿತ್ತೂರನ್ನು ಮುತ್ತಿತು. ಕೋಟೆ ಬಿತ್ತು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದು, 1829ರ ಫೆಬ್ರವರಿಯಲ್ಲಿ ಅಲ್ಲಿಯೇ ಕಣ್ಣು ಮುಚ್ಚಿದಳು. ಅವಳು ಹಚ್ಚಿದ ಕಿಡಿ ಮಾತ್ರ ಆರಲಿಲ್ಲ. ರಾಯಣ್ಣ ಹೋರಾಟ ಮುಂದುವರಿಸಿ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು. ತಾನಿಲ್ಲದಾಗಲೂ ಕೆಲಸ ನಡೆಸುವವರನ್ನು ಬೆಳೆಸುವುದು ಮೂರನೆಯ ಗುಣ.

ಇದನ್ನೆಲ್ಲ ಬರೆಯಲು ನನಗೆ ಒಂದು ಕಾರಣವಿದೆ. ಕೆಲ ವರ್ಷಗಳ ಹಿಂದೆ ಮಲಪ್ರಭಾ ಕಾಲುವೆಯ ನೀರಿನ ಸರದಿಗಾಗಿ ನಮ್ಮೂರಲ್ಲಿ ಜಗಳವಾಯಿತು. ರೈತರ ಮುಂದಾಳಾಗಿದ್ದ ನಾನು, ತಪ್ಪು ಒಪ್ಪಿಕೊಂಡು ತಲೆತಗ್ಗಿಸಿ ನಿಂತ ಹಿರಿಯರೊಬ್ಬರನ್ನು ಕೂಡಿದ ಜನರ ನಡುವೆ ಹೀಯಾಳಿಸಿದೆ. ನ್ಯಾಯ ನನ್ನ ಕಡೆಗಿತ್ತು, ಸರದಿಯೂ ಸಿಕ್ಕಿತು. ಆದರೆ ಅವರು ಮತ್ತೆ ನಮ್ಮ ಕಟ್ಟೆಗೆ ಬರಲಿಲ್ಲ. ಆ ದಿನ ರಾತ್ರಿ ನನಗೆ ನೆನಪಾದದ್ದು ಸೆರೆಸಿಕ್ಕ ವೈರಿಯನ್ನು ಕಾಯ್ದ ರಾಣಿ. ಮರುವಾರ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಚಹಾ ಕೊಟ್ಟರು, ಮೊದಲಿನ ಸಲಿಗೆ ಮಾತ್ರ ಇನ್ನೂ ಮರಳಿಲ್ಲ.

ಹೋರಾಡುವ ಧೈರ್ಯ ಈ ನೆಲದವರಿಗೆ ಹುಟ್ಟಿನಿಂದಲೇ ಬಂದಿದೆ. ಮೊದಲು ಮಾತಾಡುವ ತಾಳ್ಮೆ, ಗೆದ್ದಾಗ ಕೈ ಬಿಗಿಹಿಡಿಯುವ ಸಂಯಮ ನಾನಿನ್ನೂ ಕಲಿಯುತ್ತಿದ್ದೇನೆ. ನಮ್ಮ ಶಾಲೆಯ ಮಕ್ಕಳು ಕಿತ್ತೂರು ಉತ್ಸವಕ್ಕೆ ಹೋದಾಗ ಬೈಲಹೊಂಗಲದ ಸಮಾಧಿಯ ಮುಂದೆಯೂ ಒಂದು ಗಳಿಗೆ ನಿಲ್ಲಲಿ.